ಫಿಲಿಪ್ಪೀನ್ಸ್‌ಗೆ ಹೊರಟ ಯುವ ಮಿಷನರಿಗೆ: ಮೊದಲ 12 ವಾರಗಳ ಸಮಗ್ರ ಮಾರ್ಗದರ್ಶಿ

ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್‌ನ ಪೂರ್ಣಾವಧಿ ಮಿಷನ್‌ಗೆ, ಅಂದರೆ ಧರ್ಮಪ್ರಚಾರ ಸೇವೆಗೆ, ಹೋಗುವ ಯುವಕರಿಗೆ 24 ತಿಂಗಳು, ಯುವತಿಯರಿಗೆ 18 ತಿಂಗಳು ಸೇವೆ. ಇಷ್ಟು ದೀರ್ಘ ಅವಧಿಯ ಹದ ಬೀಳುವುದು ಮೊದಲ ಎರಡು ಟ್ರಾನ್ಸ್‌ಫರ್‌ಗಳಲ್ಲಿ (ಆರು ವಾರದ ಒಂದೊಂದು ಅವಧಿ), ಅಂದರೆ ಕೆಲಸ ಕಲಿಸುವ ಹಳೆಯ ಮಿಷನರಿಯಾದ ಟ್ರೈನರ್ ಜೊತೆಗಿರುವ 12 ವಾರಗಳಲ್ಲಿ. ಆ ವಾರಗಳಲ್ಲಿ ಹುಡುಗರು ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ: ನೀರು, ನಿದ್ದೆ, ಭಾಷೆ, ಮತ್ತು ಸದಾ ಜೋಡಿಯಾಗಿ ಇರಬೇಕಾದ ಇನ್ನೊಬ್ಬ ಮಿಷನರಿ, ಅಂದರೆ ಜೊತೆಗಾರ.

ಕಾರಣ ಬಹುತೇಕ ಕ್ರಮ ತಪ್ಪುವುದೇ. ಬಂದಿಳಿದ ಮರುದಿನವೇ ಉತ್ಸಾಹದಿಂದ ಮನೆಮನೆ ಸುತ್ತಲು ಶುರು ಮಾಡುತ್ತಾರೆ. ಮನೆಯಲ್ಲಿ ಕುಡಿಯುವ ನೀರಿಗೆ ವ್ಯವಸ್ಥೆ ಇರುವುದಿಲ್ಲ, ಸೊಳ್ಳೆ ಪರದೆ ಕಟ್ಟಿರುವುದಿಲ್ಲ. ಮೂರನೇ ವಾರಕ್ಕೆ ಹಾಸಿಗೆ ಹಿಡಿಯುತ್ತಾರೆ. ಮೊದಲು ಮನೆ ಮತ್ತು ಮೈ, ಆಮೇಲೆ ಭಾಷೆ, ಅದರ ಹಿಂದೆ ಜನ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ.

ಹಂತ 1: ಹೊರಡುವ ಮುನ್ನ ಹೆಸರು, ಕಾಗದ, ಪೆಟ್ಟಿಗೆ

ನಮ್ಮ ಕಡೆಯವರಿಗೆ ಮೊದಲ ತೊಡಕು ಹೆಸರಿನಲ್ಲೇ. ಇನಿಷಿಯಲ್ ಮಾತ್ರ ಇರುವವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಮಿಷನರಿಯನ್ನು ಅಲ್ಲಿ ಕರೆಯುವುದು ಎಲ್ಡರ್ ಅಥವಾ ಸಿಸ್ಟರ್ ಎಂಬುದರ ಮುಂದೆ ಸರ್‌ನೇಮ್ ಸೇರಿಸಿ. ಎದೆಯ ಮೇಲಿನ ಕಪ್ಪು ನೇಮ್‌ಟ್ಯಾಗ್‌ನಲ್ಲೂ ಅದೇ. ಮಿಷನ್ ಅರ್ಜಿ ತುಂಬುವ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಅರ್ಜಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು, ಪೊಲೀಸ್ ಕ್ಲಿಯರೆನ್ಸ್‌ನಲ್ಲಿ ಇನ್ನೊಂದು ಹೆಸರಿದ್ದರೆ ವೀಸಾ ಅಲ್ಲೇ ನಿಲ್ಲುತ್ತದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ನೋಡಿಕೊಳ್ಳೋಣ ಎನ್ನುವ ಸಲಹೆ ಯಾರೇ ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ.

ಟೆಟನಸ್, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿ ಲಸಿಕೆಗಳ ಬಗ್ಗೆ ಹೊರಡುವ ಎರಡು ತಿಂಗಳ ಮೊದಲೇ ವೈದ್ಯರನ್ನು ಕಾಣಿ. ನಾಯಿಕಡಿತದ ಮುನ್ನೆಚ್ಚರಿಕೆ ಲಸಿಕೆಯನ್ನೂ ಕೇಳಿ, ಏಕೆಂದರೆ ಫಿಲಿಪ್ಪೀನ್ಸ್‌ನಲ್ಲಿ ರೇಬಿಸ್ ಇನ್ನೂ ಇದೆ.

ಪೆಟ್ಟಿಗೆಗೆ ಬೇಕಾದವು:
- ತೋಳು ಚಿಕ್ಕದಿರುವ 6ರಿಂದ 8 ಬಿಳಿ ಅಂಗಿ, ಬೇಗ ಒಣಗುವ ಗಾಢ ಬಣ್ಣದ ಪ್ಯಾಂಟ್ ಅಥವಾ ಸ್ಕರ್ಟ್
- ಎರಡು ಜೊತೆ ಗಟ್ಟಿ ಅಡಿಯ ಶೂ. ಒಂದೇ ಜೊತೆಯನ್ನು ದಿನವೂ ಹಾಕಿದರೆ ಮಳೆಗಾಲದಲ್ಲಿ ಒಳಗಿನ ತೇವ ಆರುವುದೇ ಇಲ್ಲ, ಹೊಲಿಗೆ ಕೊಳೆತು ಬಿಚ್ಚಿಕೊಳ್ಳುತ್ತದೆ
- ಚಪ್ಪಟೆ ಪಿನ್ ಅಡಾಪ್ಟರ್. ವೋಲ್ಟೇಜ್ ಅಲ್ಲಿಯೂ 220ರ ಆಸುಪಾಸಿನಲ್ಲೇ ಇದೆ, ಆದರೆ ನಮ್ಮ ಉರುಟು ಪಿನ್ ಹಿಡಿಸುವುದಿಲ್ಲ
- ಕಾಗದಪತ್ರಗಳನ್ನು ಹಾಕಲು ನೀರು ಹೋಗದ ಚೀಲ
- ಚಿಕ್ಕ ಡಬ್ಬಿಗಳಲ್ಲಿ ಸಾಸಿವೆ, ಜೀರಿಗೆ, ಅರಿಶಿನ, ಒಂದಿಷ್ಟು ಸಾರಿನ ಪುಡಿ

ಕೋಟು ದಿನಬಳಕೆಗೆ ಬೇಕಾಗುವುದಿಲ್ಲ. ಮೂರು ಕೋಟು ಹೊತ್ತು ಹೋಗಿ ಬೂಷ್ಟು ಹಿಡಿಸಬೇಡಿ. ಫೋನಿನ ವಿಷಯದಲ್ಲಿ, ನಿಮ್ಮನ್ನು ಮಿಷನ್‌ಗೆ ನೇಮಿಸುವ ಕರೆಪತ್ರದ ಜೊತೆ ಬರುವ ಸೂಚನೆ ಏನಿದೆಯೋ ಅದೇ ಅಂತಿಮ.

ಹಂತ 2: ಮನೆ ಸೇರಿದ ಮೊದಲ 48 ಗಂಟೆ

ಪೆಟ್ಟಿಗೆ ಬಿಚ್ಚುವ ಮೊದಲು ನೀರು ನೋಡಿ. ನಲ್ಲಿ ನೀರು ಸ್ನಾನಕ್ಕೆ, ಪಾತ್ರೆಗೆ. ಕುಡಿಯಲು ಬೀದಿಬೀದಿಯಲ್ಲಿರುವ ವಾಟರ್ ರಿಫಿಲ್ಲಿಂಗ್ ಸ್ಟೇಷನ್‌ನಿಂದ 5 ಗ್ಯಾಲನ್‌ನ, ಅಂದರೆ ಸುಮಾರು 19 ಲೀಟರ್‌ನ ಕ್ಯಾನ್ ತರಿಸಬೇಕು. ಆ ಸೆಕೆಯಲ್ಲಿ ನಡೆಯುವ ಒಬ್ಬರಿಗೆ ದಿನಕ್ಕೆ 3 ಲೀಟರ್ ಬೇಕು. ಇಬ್ಬರಿಗೆ ಒಂದು ಕ್ಯಾನ್ ಮೂರು ದಿನ ಬರುತ್ತದೆ, ಹಾಗಾಗಿ ಮನೆಯಲ್ಲಿ ಯಾವಾಗಲೂ ಎರಡು ಕ್ಯಾನ್ ಇರಲಿ. ಒಂದೇ ಇಟ್ಟುಕೊಂಡವರು ಮಳೆಯಲ್ಲಿ ಅಂಗಡಿ ಮುಚ್ಚಿದ ದಿನ ನಲ್ಲಿಗೆ ಬಾಯಿಡುತ್ತಾರೆ. ಬೇರೆ ದಾರಿ ಇಲ್ಲದಿದ್ದರೆ ನೀರನ್ನು ಕೊತಕೊತ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ.

ಕ್ಯಾನ್ ಮುಚ್ಚಳದ ಸೀಲ್ ಹರಿದಿದ್ದರೆ ಅಥವಾ ಒಳಗೋಡೆಯಲ್ಲಿ ಹಸಿರು ಪಾಚಿ ಕಂಡರೆ ವಾಪಸ್ ಕಳಿಸಿ. ಕ್ಯಾನಿಗೆ ನಲ್ಲಿ ಜೋಡಿಸಿದ್ದರೆ ಅದರ ಬಾಯಿಯನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಹೊಟ್ಟೆ ಕೆಡಿಸುವ ಕೊಳೆ ಕೂರುವುದು ಅಲ್ಲಿ.

ಎರಡನೆಯದು ಗ್ಯಾಸ್. ಸಾಮಾನ್ಯವಾಗಿ 11 ಕಿಲೋ ಸಿಲಿಂಡರ್ ಇರುತ್ತದೆ. ರೆಗ್ಯುಲೇಟರ್ ಮತ್ತು ಪೈಪಿನ ಸಂದಿಗೆ ಸೋಪಿನ ನೊರೆ ಹಚ್ಚಿ; ಗುಳ್ಳೆ ಎದ್ದರೆ ಒಲೆ ಹಚ್ಚಬೇಡಿ. ಪೈಪ್ ಬಿರುಕು ಬಿಟ್ಟಿದ್ದರೆ ಆ ದಿನವೇ ಮಿಷನ್ ಆಫೀಸಿಗೆ ತಿಳಿಸಿ.

ಮೂರನೆಯದು ಸೊಳ್ಳೆ. ಪರದೆಯನ್ನು ಅಲ್ಲಿ ಕುಲಂಬೊ ಎನ್ನುತ್ತಾರೆ. ಪರದೆ ಕಟ್ಟಿದರೆ ಸಾಲದು. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಅದು ನೀವು ಓದಲು ಕೂತಿರುವ ಹೊತ್ತು. ಬಚ್ಚಲಿನ ಬಕೆಟ್, ಹೂಕುಂಡದ ತಟ್ಟೆ, ಹಿತ್ತಲಿನ ಹಳೇ ಟೈರು ಎಲ್ಲವನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ಬಕೆಟ್ಟು, ತಾಬೊ ಎಂಬ ಚೊಂಬಿನ ಸ್ನಾನ ನಮ್ಮವರಿಗೆ ಹೊಸದಲ್ಲ. ಅಮೆರಿಕದಿಂದ ಬಂದ ಜೊತೆಗಾರ ಇದ್ದರೆ ನೀವೇ ಹೇಳಿಕೊಡಬೇಕಾಗಬಹುದು.

ಹಂತ 3: ಊಟ

ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟ ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತರಕಾರಿ ಎಂದು ಬಡಿಸುವ ಪಿನಕ್ಬೆತ್‌ನಲ್ಲಿ ಬಗೊಂಗ್ ಎಂಬ ಸೀಗಡಿಯ ಉಪ್ಪುಗೊಜ್ಜು ಇರುತ್ತದೆ, ಹೆಸರುಕಾಳಿನ ಮುಂಗೊದಲ್ಲಿ ಹಂದಿಮಾಂಸದ ಚೂರು. ದಿನುಗುವಾನ್ ಎಂಬ ಕಪ್ಪು ಸಾರು ಹಂದಿಯ ರಕ್ತದ್ದು. ಊಟಕ್ಕೆ ಕರೆದ ಮನೆಯವರಿಗೆ ಬಾಗಿಲಲ್ಲಿ ಹೇಳಿದರೆ ತಡವಾಯಿತು, ಅವರಿಗೆ ಮುಖ ಉಳಿಯುವುದಿಲ್ಲ. ಹಿಂದಿನ ದಿನವೇ ಜೊತೆಗಾರನ ಕೈಲಿ ಹೇಳಿಸಿ. ಮೊಟ್ಟೆ ತಿನ್ನುವವರಾದರೆ ಅದನ್ನೂ ಹೇಳಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಸಂತೆಯಲ್ಲಿ ಮಲುಂಗ್ಗಾಯ್ ಎಂದು ಕಟ್ಟುಕಟ್ಟು ಮಾರುವುದು ನಮ್ಮ ನುಗ್ಗೆಸೊಪ್ಪು. ಸಿತಾವ್ ಅಲಸಂದೆ, ಅಂಪಲಾಯ ಹಾಗಲ, ತಲೋಂಗ್ ಬದನೆ, ಗಾಬಿ ಕೆಸುವಿನ ಗೆಡ್ಡೆ, ತೊಕ್ವ ಸೋಯಾ ಪನೀರು. ಹೆಸರುಕಾಳು, ನುಗ್ಗೆಸೊಪ್ಪು, ಜೀರಿಗೆ ಒಗ್ಗರಣೆ ಇಷ್ಟಿದ್ದರೆ ಅನ್ನಕ್ಕೆ ಒಂದು ಸಾರಾಯಿತು.

ಕಾಫಿ, ಚಹಾ ಮಿಷನರಿಗೆ ನಿಷಿದ್ಧ, ಆದರೆ ಮೆರಿಯೆಂದಾ ಎಂಬ ಸಂಜೆಯ ತಿಂಡಿಗೆ ಮೊದಲು ಬರುವುದೇ ಪುಡಿ ಕಾಫಿ. ಲೋಟ ಬಂದ ಮೇಲೆ ಬೇಡ ಎನ್ನುವುದಕ್ಕಿಂತ ಮೊದಲೇ "ತೂಬಿಗ್ ನ ಲಙ್ ಪೊ", ನೀರು ಸಾಕು, ಎಂದುಬಿಡಿ. ಕಲಮನ್ಸಿ ಎಂಬ ಪುಟ್ಟ ನಿಂಬೆಯ ಶರಬತ್ತು ಕೊಟ್ಟರೆ ಸಂತೋಷವಾಗಿ ಕುಡಿಯಿರಿ.

ತಿಂಗಳ ಖರ್ಚಿನ ಹಣ ಬಂದ ದಿನವೇ ನಾಲ್ಕು ಲಕೋಟೆಗಳಲ್ಲಿ ವಾರದ ಪಾಲು ಮಾಡಿ. ಅಕ್ಕಿ, ನೀರು, ಜೀಪ್ನಿ (ಅಲ್ಲಿನ ಹಂಚಿಕೆಯ ಸವಾರಿ ಗಾಡಿ) ಬಾಡಿಗೆ ಮೊದಲು, ಉಳಿದದ್ದು ಆಮೇಲೆ. ಮೂರನೇ ವಾರದ ಲಕೋಟೆಗೆ ಎರಡನೇ ವಾರದಲ್ಲೇ ಕೈ ಹಾಕಿದರೆ ಅದನ್ನು ಎಚ್ಚರಿಕೆ ಎಂದು ತಿಳಿಯಿರಿ.

ಹಂತ 4: ದಿನವನ್ನು ಹೊಂದಿಸುವುದು

ಸಾಮಾನ್ಯ ವೇಳಾಪಟ್ಟಿ ಹೀಗೆ: ಬೆಳಿಗ್ಗೆ 6.30ಕ್ಕೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಆ ದಿನದ ಯೋಜನೆ, ಸ್ವಂತ ಅಧ್ಯಯನ, ಜೊತೆಗಾರನ ಜೊತೆ ಅಧ್ಯಯನ, ಭಾಷೆ, ರಾತ್ರಿ 10.30ಕ್ಕೆ ದೀಪ ಆರಿಸುವುದು. ಊರಿನ ರೂಢಿಗೆ ತಕ್ಕಂತೆ ಮಿಷನ್‌ನ ಮುಖ್ಯಸ್ಥರಾದ ಮಿಷನ್ ಪ್ರೆಸಿಡೆಂಟರು ಇದನ್ನು ಅರ್ಧ, ಒಂದು ಗಂಟೆ ಹಿಂದೆಮುಂದೆ ಮಾಡಿರುತ್ತಾರೆ.

ಯೋಜನೆ ಬೆಳಿಗ್ಗೆ ಇದ್ದರೂ ಒಂದು ಕೆಲಸ ಹಿಂದಿನ ರಾತ್ರಿಯೇ ಆಗಬೇಕು: ನಾಳೆ ಯಾರ ಮನೆಗೆ ಹೋಗುವುದಿದೆಯೋ ಅವರಿಗೆ ಸಂದೇಶ ಕಳಿಸಿ ಉತ್ತರ ತರಿಸಿಕೊಳ್ಳುವುದು. ಇದನ್ನು ಬಿಟ್ಟವರ ಮಧ್ಯಾಹ್ನಗಳು ಖಾಲಿ ಗೇಟುಗಳ ಮುಂದೆ ಕಳೆಯುತ್ತವೆ. ಆ ಸುಸ್ತಿಗೆ ಮರುದಿನ ತಡವಾಗಿ ಏಳುತ್ತಾರೆ, ಭಾಷೆಯ ಗಂಟೆ ಹೋಗುತ್ತದೆ, ಭಾಷೆ ಬಾರದೆ ಮುಂದಿನ ಭೇಟಿಯೂ ಕೆಡುತ್ತದೆ. ಮಿಷನ್ ಕುಸಿಯುವುದು ಹೆಚ್ಚಾಗಿ ಈ ಸರಪಳಿಯಲ್ಲಿ. ರಾತ್ರಿಯ ಆ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ.

ಪ್ರತಿ ಭೇಟಿಗೂ ಹತ್ತಿರದಲ್ಲೇ ಇನ್ನೊಂದು ಮನೆಯನ್ನು ಬದಲಿಗೆ ಗುರುತು ಹಾಕಿಟ್ಟುಕೊಳ್ಳಿ. ಮಧ್ಯಾಹ್ನ 12ರಿಂದ 2.30 ಬಿಸಿಲು, ಜನ ಮಲಗಿರುತ್ತಾರೆ. ಆ ಹೊತ್ತು ಊಟ, ಭಾಷೆ, ಫೋನ್ ಕೆಲಸಕ್ಕೆ ಇರಲಿ. ಜನ ಸಿಗುವುದು ಸಂಜೆ 4ರ ನಂತರ. ಕ್ಯಾಥೋಲಿಕರೇ ಹೆಚ್ಚಿರುವ ದೇಶ ಅದು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ, ಊರಹಬ್ಬದ ದಿನ, ಡಿಸೆಂಬರ್ 16ರಿಂದ 24ರವರೆಗೆ ನಸುಕಿನಲ್ಲಿ ನಡೆಯುವ ಸಿಂಬಂಗ್ ಗಬಿ ಪೂಜೆಗಳ ಕಾಲದಲ್ಲಿ ಭೇಟಿಗೆ ಒತ್ತಾಯ ಮಾಡಬೇಡಿ.

ವಾರಕ್ಕೊಂದು ದಿನ, ಸಾಮಾನ್ಯವಾಗಿ ಸೋಮವಾರ, ಪಿ-ಡೇ, ಅಂದರೆ ಸಿದ್ಧತೆಯ ದಿನ: ಬಟ್ಟೆ, ಸಂತೆ, ಕ್ಷೌರ, ಮನೆಗೆ ಕರೆ. ಬಟ್ಟೆ ಒಗೆತ ಬೆಳಿಗ್ಗೆ ಮೊದಲು. ಮಳೆಗಾಲದಲ್ಲಿ ಮಧ್ಯಾಹ್ನ ಒಗೆದ ಬಟ್ಟೆ ಮಂಗಳವಾರಕ್ಕೂ ಒಣಗದೆ ಮುಗ್ಗಲು ಹಿಡಿಯುತ್ತದೆ. ಮನೆಯವರೊಂದಿಗೆ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಲು 2019ರಿಂದ ಅವಕಾಶವಿದೆ. ಫಿಲಿಪ್ಪೀನ್ಸ್ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 8 ಗಂಟೆ ಅಂದರೆ ಅಮ್ಮನಿಗೆ ಇನ್ನೂ 5.30.

ಹಂತ 5: ಭಾಷೆ

ಯಾವ ಮಿಷನ್, ಅಂದರೆ ಯಾವ ಪ್ರದೇಶ, ಎಂಬುದರ ಮೇಲೆ ಭಾಷೆ ಬದಲಾಗುತ್ತದೆ. ಮನಿಲಾ ಸುತ್ತ ತಗಾಲೊಗ್, ಸೆಬುವಿನಲ್ಲಿ ಸೆಬುವಾನೊ, ಇಲೊಯಿಲೊ ಕಡೆ ಹಿಲಿಗಾಯ್ನೊನ್, ತಕ್ಲೊಬಾನಿನಲ್ಲಿ ವಾರಾಯ್. ಎಲ್ಲರಿಗೂ ಇಂಗ್ಲಿಷ್ ಬರುತ್ತದಲ್ಲ ಎಂಬ ಸಮಾಧಾನವೇ ಮೊದಲ ತಪ್ಪು. ಅಂಗಡಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ. ಮನೆಯೊಳಗೆ ಕೂತು ಒಬ್ಬ ತಾಯಿ ತನ್ನ ಸಂಕಟ ಹೇಳಿಕೊಳ್ಳುವುದು ತನ್ನ ಭಾಷೆಯಲ್ಲಿ. ಕೆಳಗಿನ ಉದಾಹರಣೆಗಳು ತಗಾಲೊಗ್‌ನವು.

ಉಚ್ಚಾರ ಮೊದಲು. ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ರೋಮನ್ ಅಕ್ಷರ ನೋಡಿದ ತಕ್ಷಣ ನಮ್ಮ ನಾಲಿಗೆ ಟ, ಡ ಎನ್ನುತ್ತದೆ, ಆದರೆ ಅಲ್ಲಿನದು ತ, ದ. ಪದದ ಆರಂಭದಲ್ಲಿ ಬರುವ ಙ ಅಮೆರಿಕದ ಮಿಷನರಿಗಳನ್ನು ತಿಂಗಳುಗಟ್ಟಲೆ ಕಾಡುತ್ತದೆ. ನಿಮಗೆ ಅದು ವರ್ಣಮಾಲೆಯಲ್ಲೇ ಇದೆ: ಙಯೋನ್ ಎಂದರೆ ಈಗ. ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಬಾಕ ಅಂದರೆ ಹಸು, ಬಕಾ ಅಂದರೆ ಬಹುಶಃ.

ಎರಡನೆಯದು ಕ್ರಿಯಾಪದ. ನಮ್ಮಲ್ಲಿ ಕೊನೆಗೆ ಬರುವುದು ಅಲ್ಲಿ ಮೊದಲು ಬರುತ್ತದೆ. ಪದಪಟ್ಟಿ ಉರು ಹೊಡೆಯುವ ಬದಲು ದಿನಕ್ಕೆ ಐದು ಕ್ರಿಯಾಪದ ತೆಗೆದುಕೊಂಡು ಮೂರು ರೂಪಗಳನ್ನು ಗಟ್ಟಿಯಾಗಿ ಹೇಳಿ: ಬುಮಿಲಿ, ಕೊಂಡರು, ಬುಮಿಬಿಲಿ, ಕೊಳ್ಳುತ್ತಿದ್ದಾರೆ, ಬಿಬಿಲಿ, ಕೊಳ್ಳುತ್ತಾರೆ. ಮೂಲ ಪದ ಬಿಲಿ. ಕೊಂಡ ವಸ್ತುವಿಗೆ ಒತ್ತು ಕೊಟ್ಟರೆ ಅದೇ ಬಿನಿಲಿ ಆಗುತ್ತದೆ. ಮೊದಲ ರೂಪಗಳು ನಾಲಿಗೆಗೆ ಬರುವ ಮೊದಲೇ ಈ ಎರಡನೇ ಬಗೆಗೆ ಕೈ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಆರನೇ ವಾರದವರೆಗೆ ಕಾಯಿರಿ.

ಮೂರನೆಯದು ನಾವು. ಕೇಳುವವರನ್ನು ಸೇರಿಸಿಕೊಂಡ ನಾವು ತಾಯೊ, ಅವರನ್ನು ಬಿಟ್ಟ ನಾವು ಕಮಿ. ಕನ್ನಡದಲ್ಲಿ ಈ ಭೇದ ಇಲ್ಲದ್ದರಿಂದ ಪ್ರಾರ್ಥನೆಯಲ್ಲಿ ನಮ್ಮವರು ಎಡವುತ್ತಾರೆ. ದೇವರಿಗೆ "ನಾವು ಧನ್ಯವಾದ ಹೇಳುತ್ತೇವೆ" ಎನ್ನುವಾಗ ತಾಯೊ ಬಳಸಿದರೆ ದೇವರನ್ನೂ ಧನ್ಯವಾದ ಹೇಳುವವರ ಗುಂಪಿಗೆ ಸೇರಿಸಿದಂತೆ. "ನಗ್‌ಪಪಸಲಾಮತ್ ಪೊ ಕಮಿ" ಎಂಬುದೇ ಸರಿ. ಮೊದಲ ವಾರದಲ್ಲೇ ಬಾಯಿಪಾಠ ಮಾಡಿ, ಏಕೆಂದರೆ ಪ್ರಾರ್ಥನೆ ಮಾಡಿ ಎಂದು ಮೊದಲ ಭೇಟಿಯಲ್ಲೇ ನಿಮಗೆ ಹೇಳುತ್ತಾರೆ.

ಹಿರಿಯರ ಜೊತೆ ಪ್ರತಿ ವಾಕ್ಯಕ್ಕೂ ಪೊ ಸೇರಿಸಿ. ಹೌದು ಎನ್ನಲು ಓಪೊ. ನಮ್ಮ 'ರೀ' ಇದ್ದ ಹಾಗೆ, ಬಿಟ್ಟರೆ ಕಿವಿಗೆ ಹೊಡೆಯುತ್ತದೆ. ಸೆಬುವಾನೊದಲ್ಲಿ ಪೊ ಇಲ್ಲ, ಅಲ್ಲಿ ಅದನ್ನು ತುರುಕಬೇಡಿ. ನಿಮಗಿಂತ ಸ್ವಲ್ಪ ದೊಡ್ಡವರು ಕೂಯ (ಅಣ್ಣ), ಆತೆ (ಅಕ್ಕ). ತಾಯಿ ತಂದೆಯ ವಯಸ್ಸಿನವರು ನಾನಾಯ್, ತಾತಾಯ್. ಹೆಸರು ಹಿಡಿದು ಕರೆಯಬೇಡಿ.

ಎಚ್ಚರಿಕೆಯ ಗುರುತು: ನಾಲ್ಕನೇ ವಾರ ಕಳೆದರೂ ಭೇಟಿಯಲ್ಲಿ ಜೊತೆಗಾರನೇ ಎಲ್ಲ ಮಾತಾಡುತ್ತಿದ್ದರೆ ನಿಮ್ಮ ಭಾಷೆ ನಿಂತಿದೆ ಎಂದರ್ಥ. ಆ ರಾತ್ರಿಯೇ ಕೇಳಿಕೊಂಡು ಮುಂದಿನ ಭೇಟಿಯಲ್ಲಿ ಒಂದು ಭಾಗವನ್ನು ನಿಮ್ಮದಾಗಿಸಿಕೊಳ್ಳಿ. ಆರಂಭದ ಕುಶಲ ಮಾತಾದರೂ ಸರಿ.

ಹಂತ 6: ಗೇಟಿನ ಮುಂದೆ

ಗೇಟಿನ ಹೊರಗೆ ನಿಂತು "ತಾವೊ ಪೊ!" ಎಂದು ಕೂಗಬೇಕು. ಗೇಟ್ ನೀವೇ ತೆರೆಯಬೇಡಿ, ಒಳಗೆ ನಾಯಿ ಇರುತ್ತದೆ. ಮೂರು ಸಲ ಕೂಗಿ, ಉತ್ತರ ಇಲ್ಲದಿದ್ದರೆ ಮುಂದೆ ನಡೆಯಿರಿ. ಒಳಗೆ ಕರೆದರೆ ಚಪ್ಪಲಿ ಬಿಡುವ ರೂಢಿ ಇದೆಯೇ ನೋಡಿಕೊಳ್ಳಿ. ಅಜ್ಜ ಅಜ್ಜಿ ಇದ್ದರೆ ಅವರ ಕೈಯ ಹಿಂಭಾಗವನ್ನು ಹಣೆಗೆ ಮುಟ್ಟಿಸಿಕೊಳ್ಳುವ ಮಾನೊ ನಮಸ್ಕಾರವನ್ನು ಆ ಮನೆಯ ಮಕ್ಕಳು ಮಾಡುವಂತೆ ನೀವೂ ಮಾಡಿ.

"ಸುಸುಬೂಕಾನ್ ಕೊ ಪೊ", ಪ್ರಯತ್ನಿಸುತ್ತೇನೆ, ಎಂದರೆ ಬಹುಪಾಲು ಬರುವುದಿಲ್ಲ ಎಂದೇ. ನಮ್ಮಲ್ಲಿ "ನೋಡೋಣ ಬಿಡಿ" ಎನ್ನುವುದಿಲ್ಲವೇ, ಹಾಗೆ. ಅದನ್ನು ಒಪ್ಪಿಗೆ ಎಂದು ಬರೆದುಕೊಂಡು ಮೂರು ವಾರ ಬೆನ್ನು ಬೀಳುವುದು ಅವರಿಗೂ ಮುಜುಗರ, ನಿಮಗೂ ನಿರಾಶೆ. ದಿನ ಮತ್ತು ಗಂಟೆ ಅವರ ಬಾಯಿಂದ ಬಂದರೆ ಮಾತ್ರ ಅದು ಭೇಟಿ.

ಮೀರಬಾರದ ಗೆರೆಗಳು: ಬೇರೆ ಲಿಂಗದವರು ಒಬ್ಬರೇ ಇರುವ ಮನೆಯೊಳಗೆ ಹೋಗಬಾರದು. ಮಕ್ಕಳ ಜೊತೆ ಒಂಟಿಯಾಗಿ ಇರಬಾರದು. ಅಪ್ರಾಪ್ತರಿಗೆ ದೀಕ್ಷಾಸ್ನಾನವೆಂದರೆ ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು. ಹಣ, ಅಕ್ಕಿ ಕೊಟ್ಟು ಯಾರನ್ನೂ ಕರೆತರಬಾರದು. ಕಷ್ಟದಲ್ಲಿರುವ ಕುಟುಂಬ ಕಂಡರೆ ನಮ್ಮ ಚರ್ಚಿನ ಸ್ಥಳೀಯ ಬಿಷಪ್‌ಗೆ ತಿಳಿಸಿ. ವಿದೇಶಿಯರಾದ ನೀವು ರಾಜಕೀಯ ಮೆರವಣಿಗೆ, ಸಭೆಗಳಿಂದ ದೂರವಿರಬೇಕು, ಗಡೀಪಾರಿನ ತನಕ ಹೋಗಬಹುದು.

ಓಡಾಟಕ್ಕೆ ಜೀಪ್ನಿ. ದುಡ್ಡನ್ನು "ಬಾಯದ್ ಪೊ" ಎಂದು ಮುಂದಿನವರ ಕೈಗೆ ಕೊಡಿ, ಕೈಯಿಂದ ಕೈಗೆ ಚಾಲಕನಿಗೆ ತಲುಪುತ್ತದೆ. ಇಳಿಯಲು "ಪಾರ ಪೊ". ಟ್ರೈಸಿಕಲ್ (ಪಕ್ಕಕ್ಕೆ ಸೀಟಿನ ಗೂಡು ಜೋಡಿಸಿದ ಮೋಟರ್‌ಸೈಕಲ್) ಹತ್ತುವ ಮೊದಲೇ ಬಾಡಿಗೆ ಮಾತಾಡಿ. ಹಬಲ್-ಹಬಲ್ ಎಂಬ ಬಾಡಿಗೆ ಮೋಟರ್‌ಸೈಕಲ್ ಹತ್ತಬೇಡಿ.

ಹಂತ 7: ಜೊತೆಗಾರ

ಇಬ್ಬರೂ ಯಾವಾಗಲೂ ಒಬ್ಬರಿಗೊಬ್ಬರು ಕಾಣುವಷ್ಟು, ಕೇಳುವಷ್ಟು ಹತ್ತಿರ ಇರಬೇಕೆಂಬುದು ನಿಯಮ. ಒಡಹುಟ್ಟಿದವರ ಜೊತೆಯೂ ಇಷ್ಟು ಹೊತ್ತು ಕಳೆದಿರುವುದಿಲ್ಲ, ಹಾಗಾಗಿ ಜಗಳ ಬರುವುದು ಸಹಜ. ವಾರದ ಯೋಜನೆಯ ಕೊನೆಗೆ ಇಬ್ಬರೂ ಕೂತು ಮಾತಾಡುವ ಕ್ರಮವನ್ನು ಜಗಳ ಇಲ್ಲದ ವಾರದಲ್ಲೂ ಬಿಡಬೇಡಿ. ಒಮ್ಮೆಗೆ ಒಂದೇ ವಿಷಯ, ಅದೂ ನಿರ್ದಿಷ್ಟವಾಗಿ: "ನೀನು ಸೋಮಾರಿ" ಎನ್ನಬೇಡಿ, "ಮಂಗಳವಾರ, ಬುಧವಾರ ನಾವು 7.15ಕ್ಕೆ ಎದ್ದೆವು, ಏನು ಮಾಡೋಣ?" ಎಂದು ಕೇಳಿ.

ಫಿಲಿಪಿನೊ ಜೊತೆಗಾರನಿಗೆ ಬೇಸರವಾದರೆ ಎದುರು ಮಾತಾಡದೆ ಮೌನವಾಗಬಹುದು. ಅದನ್ನು ತಂಪೊ ಎನ್ನುತ್ತಾರೆ. ಎಲ್ಲರ ಮುಂದೆ "ಏನಾಯಿತು" ಎಂದು ಕೆದಕಿದರೆ ಇನ್ನೂ ಬಿಗಿಯುತ್ತದೆ. ಅವನ ಪಾಲಿನ ಪಾತ್ರೆ ತೊಳೆದಿಡಿ, ಇಷ್ಟದ ತಿಂಡಿ ತನ್ನಿ, ರಾತ್ರಿ ಇಬ್ಬರೇ ಇದ್ದಾಗ ಮೆಲ್ಲಗೆ ಕೇಳಿ.

ಬೇರೆ ಬೇರೆ ಊಟ, ಎರಡು ದಿನ ಜೊತೆ ಅಧ್ಯಯನ ಇಲ್ಲ, ಮೂರನೆಯವರ ಮೂಲಕ ಮಾತು ಎಂದಾದರೆ ಡಿಸ್ಟ್ರಿಕ್ಟ್ ಲೀಡರ್‌ಗೆ, ಅಂದರೆ ನಿಮ್ಮ ಸುತ್ತಲಿನ ಮಿಷನರಿಗಳ ಗುಂಪನ್ನು ನೋಡಿಕೊಳ್ಳುವ ಮಿಷನರಿಗೆ, ಹೇಳಿ. ಒಂದು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ದಿನವೂ ಅಳು ಬರುತ್ತಿದ್ದರೆ, ಊಟ ಸೇರದಿದ್ದರೆ ಮಿಷನ್ ಪ್ರೆಸಿಡೆಂಟರಿಗೆ ನೇರ ಫೋನ್ ಮಾಡಿ. ಬದುಕು ಬೇಡ ಎನ್ನಿಸಿದರೆ ಬೆಳಗಾಗುವ ತನಕ ಕಾಯಬೇಡಿ. ಜೊತೆಗಾರನನ್ನು ಎಬ್ಬಿಸಿ, ಆ ಕ್ಷಣವೇ ಕರೆ ಮಾಡಿ. ಇದು ನಂಬಿಕೆಯ ಕೊರತೆಯಲ್ಲ, ಇದಕ್ಕೆ ಚಿಕಿತ್ಸೆ ಇದೆ.

ಹಂತ 8: ಜ್ವರ, ಭೇದಿ, ನಾಯಿ, ನೆರೆನೀರು

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಿಸುತ್ತವೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿದಾಗ. ವಾಸಿಯಾಯಿತೆಂದು ಶೂ ಹಾಕಿಕೊಂಡು ಹೊರಡುವ ದಿನವೇ ಅದು. ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ.

ಭೇದಿಗೆ ಓಆರ್‌ಎಸ್ ಪುಡಿ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಅಪಾಯ.

ನಾಯಿ, ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಲಸಿಕೆ ಹಾಕಿಸಿ. ಮರಿನಾಯಿ, ಚಿಕ್ಕ ಗೀರು ಎಂದು ಬಿಡುವುದೇ ಜೀವ ತೆಗೆಯುವ ತಪ್ಪು.

ನೆರೆನೀರಿನಲ್ಲಿ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಇರುತ್ತದೆ. ನೀರಿಗೆ ಇಳಿಯಲೇಬೇಕಾಗಿ ಬಂದರೆ ರಬ್ಬರ್ ಬೂಟು ಹಾಕಿ. ಇಳಿದಿದ್ದರೆ ಅದೇ ದಿನ ಮಿಷನ್‌ನಲ್ಲಿ ಆರೋಗ್ಯ ನೋಡಿಕೊಳ್ಳುವವರಿಗೆ ತಿಳಿಸಿ, ಮುನ್ನೆಚ್ಚರಿಕೆ ಮಾತ್ರೆ ವೈದ್ಯರು ಹೇಳಿದರೆ ಮಾತ್ರ. ಲೇತೆ, ಸಮರ್, ಮಿಂಡನಾವೊದ ಕೆಲ ಭಾಗಗಳ ಗದ್ದೆ, ತೊರೆಗಳಲ್ಲಿ ಶಿಸ್ಟೊಸೋಮ ಎಂಬ ಹುಳು ಚರ್ಮದ ಮೂಲಕ ಒಳಹೊಕ್ಕುತ್ತದೆ. ನಾಟಿಗೆ ಸಹಾಯ ಮಾಡುವ ಆಸೆಯಿಂದ ಬರಿಗಾಲಲ್ಲಿ ಗದ್ದೆಗೆ ಇಳಿಯುವ ಮೊದಲು ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಹಂತ 9: ಚಂಡಮಾರುತ, ಮತ್ತು ಆಮೇಲಿನ ಸೇವೆ

ಹವಾಮಾನ ಸಂಸ್ಥೆ ಪಗಾಸ 1ರಿಂದ 5ರವರೆಗೆ ಸಿಗ್ನಲ್ ಕೊಡುತ್ತದೆ. 1 ಎಂದರೆ 36 ಗಂಟೆಯೊಳಗೆ ಗಂಟೆಗೆ 39ರಿಂದ 61 ಕಿಲೋಮೀಟರ್ ಗಾಳಿ. 3 ಎಂದರೆ 18 ಗಂಟೆಯೊಳಗೆ 89ರಿಂದ 117. 5 ಎಂದರೆ 185 ಅಥವಾ ಅದಕ್ಕೂ ಹೆಚ್ಚು. ಸಿಗ್ನಲ್ 1 ಬಂದ ಕೂಡಲೇ ನೀರಿನ ಕ್ಯಾನ್ ತುಂಬಿಸಿ, ಪವರ್‌ಬ್ಯಾಂಕ್, ಟಾರ್ಚ್ ಚಾರ್ಜ್ ಮಾಡಿ, ಬೇಯಿಸದೆ ತಿನ್ನುವ ಆಹಾರ ಮೂರು ದಿನಕ್ಕೆ ಇಡಿ, ಪಾಸ್‌ಪೋರ್ಟನ್ನು ನೀರು ಹೋಗದ ಚೀಲಕ್ಕೆ ಹಾಕಿ.

ಗಾಳಿಯ ಸಂಖ್ಯೆ ಮಾತ್ರ ನೋಡಬೇಡಿ. 2013ರ ನವೆಂಬರ್‌ನಲ್ಲಿ ಯೊಲಾಂದಾ ಚಂಡಮಾರುತ ಬಂದಾಗ ತಕ್ಲೊಬಾನಿನಲ್ಲಿ ಹೆಚ್ಚು ಜೀವ ತೆಗೆದದ್ದು ನುಗ್ಗಿ ಬಂದ ಸಮುದ್ರ. ಮನೆ ದಡದ ಹತ್ತಿರವಿದ್ದರೆ ಸ್ಟಾರ್ಮ್ ಸರ್ಜ್ ಎಚ್ಚರಿಕೆ ಬಂತೇ ಎಂದು ಪ್ರತ್ಯೇಕವಾಗಿ ನೋಡಿ. ಬಂದರೆ, ಹೊರಡಿ ಎಂದ ತಕ್ಷಣ ಹೊರಡಿ.

ಗಾಳಿ ನಿಂತ ಮೇಲೆ ಸೇವೆ. ಮಿಷನ್ ಒಪ್ಪಿಗೆ ಕೊಟ್ಟ ನಂತರವೇ ಹೊರಡಬೇಕು. ಬರಂಗಾಯ್ ಎಂಬ ಸ್ಥಳೀಯ ಆಡಳಿತ ಘಟಕದ ಮುಖ್ಯಸ್ಥರನ್ನು ಮೊದಲು ಕಂಡು ಎಲ್ಲಿ ಕೈ ಬೇಕು ಎಂದು ಕೇಳಿ. ದಪ್ಪ ಅಡಿಯ ಬೂಟು, ಚರ್ಮದ ಕೈಗವಸು, ಸಲಿಕೆ, ಬಕೆಟ್, ಕುಡಿಯುವ ನೀರು ಒಯ್ಯಿರಿ. ಹಾರಿಬಿದ್ದ ಜಿಂಕ್ ಶೀಟನ್ನು ಬರಿಗೈಯಲ್ಲಿ ಎತ್ತಬೇಡಿ. ತಂತಿ ಬಿದ್ದಿರುವ ಕಡೆ ಕರೆಂಟು ಇಲ್ಲವೆಂದು ಯಾರು ಹೇಳಿದರೂ ಹೋಗಬೇಡಿ. ಮಣ್ಣು ತೆಗೆಯುವಾಗ ಮನೆಯವರ ಫೋಟೊ, ಕಾಗದ, ಪಾತ್ರೆ ಕಂಡರೆ ಕಸದ ಜೊತೆ ಎಸೆಯದೆ ಬದಿಗಿಟ್ಟು ಅವರನ್ನೇ ಕೇಳಿ.

ಹಂತ 10: ಟ್ರಾನ್ಸ್‌ಫರ್ ಬಂದಾಗ

ಆರು ವಾರಕ್ಕೊಮ್ಮೆ ಬದಲಾವಣೆಯ ಕರೆ ಬರಬಹುದು, ಹೊರಡಲು ಸಿಗುವುದು ಒಂದೆರಡು ದಿನ. ಭೇಟಿಗಳ ದಾಖಲೆಯಾದ ಏರಿಯಾ ಬುಕ್‌ನಲ್ಲಿ ಪ್ರತಿ ಕುಟುಂಬದ ಬಗ್ಗೆ ಮುಂದೆ ಬರುವವರಿಗೆ ಬೇಕಾದಷ್ಟು ಆಗಿಂದಾಗಲೇ ಬರೆದಿಡಿ: ಮನೆಯ ಗುರುತು, ಸಿಗುವ ಹೊತ್ತು, ಕೊನೆಯ ಭೇಟಿಯಲ್ಲಿ ಆದ ಮಾತು, ಯಾವ ಗೇಟಿನಲ್ಲಿ ಕಚ್ಚುವ ನಾಯಿ ಇದೆ. ಅವರ ಖಾಸಗಿ ಸಂಕಟಗಳನ್ನು ಬರೆಯಬೇಡಿ. ನೀರಿನ ಅಂಗಡಿ, ಟ್ರೈಸಿಕಲ್ ಬಾಡಿಗೆ, ಹತ್ತಿರದ ಆಸ್ಪತ್ರೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಸಿಲಿಂಡರ್ ಖಾಲಿಯಾಗಿದ್ದರೆ ಬದಲಾಯಿಸಿ, ಎರಡು ಕ್ಯಾನ್ ನೀರು ತುಂಬಿಸಿಟ್ಟು ಬೀಗದ ಕೈ ಕೊಡಿ.